ಬೊಳ್ಳಿಯ ಮಾತ್ರೆಗೆ ಶ್ರಾವಣವಿಲ್ಲ

"ತಿನ್ನುದು ನೋಡಿದ್ರೆ ಎರಡು ಬೆಕ್ಕಿನಷ್ಟು ತಿನ್ತದೆ ಕಾಂಚನಕ್ಕ. ಎತ್ತಿದ್ರೆ ಅರ್ಧ ಬೆಕ್ಕೂ ಇಲ್ಲ. ಎಂತ ಮಾಡುದು?"

ನಮ್ಮ ಕಟ್ಟಡದ ಮೂರನೇ ಮಹಡಿಯ ಮೆಟ್ಟಿಲಿನಲ್ಲಿ ನನ್ನನ್ನು ತಡೆದು ನಿಲ್ಲಿಸಿ ಬಾಗಿಯಕ್ಕ ಹೀಗೆ ಕೇಳಿದರು. ಹೋಳಿ ಕಳೆದು ನಾಲ್ಕು ದಿನವಾಗಿತ್ತು. ಮುಂಬಯಿ ಹತ್ತಿರದ ದಿವಾದಲ್ಲಿ ನಮ್ಮದು ಐದು ಮಹಡಿಯ ಕಟ್ಟಡ. ಲಿಫ್ಟ್ ಇದೆ, ನಡೆಯುವುದಿಲ್ಲ. ನನ್ನ ಎರಡೂ ಕೈಯಲ್ಲಿ ಚೀಲ, ಕಾಲಿನಲ್ಲಿ ಜೀವವಿಲ್ಲ. ಇನ್ನೂ ಎರಡು ಮಹಡಿ ಹತ್ತಬೇಕಿತ್ತು.

ನಾನು ಠಾಕುರ್ಲಿಯ ಒಂದು ಪ್ರಾಣಿ ದವಾಖಾನೆಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತೇನೆ. ಹೆಸರು ಬರೆಯುವುದು, ತೂಕ ನೋಡುವುದು, ಡಾಕ್ಟರ್ ಸೂಜಿ ಚುಚ್ಚುವಾಗ ನಾಯಿ ಬೆಕ್ಕುಗಳನ್ನು ಹಿಡಿದುಕೊಳ್ಳುವುದು, ಇಷ್ಟೇ ನನ್ನ ಕೆಲಸ. ನಾನು ಡಾಕ್ಟರಲ್ಲ. ಎಷ್ಟು ಸಲ ಹೇಳಿದರೂ ನಮ್ಮ ಕಟ್ಟಡದವರು ಕೇಳುವುದಿಲ್ಲ. ಭಾನುವಾರವೂ ಬಾಗಿಲು ಬಡಿಯುತ್ತಾರೆ. ಒಬ್ಬರಿಗೆ ಗಿಳಿಯ ಉಗುರು ಕತ್ತರಿಸಬೇಕು, ಇನ್ನೊಬ್ಬರ ನಾಯಿಯ ಕಿವಿ ಸೋರುತ್ತದೆ. ನನಗೂ ಬೇಸರ ಬರುತ್ತದೆ. ಆ ದಿನವೂ ಬಂದಿತ್ತು.

"ಎಷ್ಟು ವರ್ಷ ಆತ್ರೀ ನಿಮ್ಮ ಬೊಳ್ಳಿಗೆ?" ಎಂದು ಕೇಳಿದೆ.

"ಹದಿಮೂರು ತುಂಬಿತು. ಹುಳ ಆಗಿರ್ಬೇಕು ಅಂತ ಮದ್ದು ಕೊಟ್ಟದ್ದಾಯ್ತು. ಎಂತದೂ ವ್ಯತ್ಯಾಸ ಇಲ್ಲ."

ಹದಿಮೂರು ಎಂದ ಕೂಡಲೇ ನಾನು ಚೀಲವನ್ನು ಮೆಟ್ಟಿಲ ಮೇಲೆ ಇಟ್ಟೆ. ವಯಸ್ಸಾದ ಬೆಕ್ಕು, ತುಂಬಾ ತಿನ್ನುತ್ತದೆ, ಆದರೂ ಸೊರಗುತ್ತದೆ. ಈ ಮೂರು ಮಾತನ್ನು ದವಾಖಾನೆಯಲ್ಲಿ ನಾನು ಎಷ್ಟೋ ಸಲ ಒಟ್ಟಿಗೆ ಕೇಳಿದ್ದೆ.

ಬೊಳ್ಳಿ ಎಂದರೆ ತುಳುವಿನಲ್ಲಿ ಬೆಳ್ಳಿ. ಬಾಗಿಯಕ್ಕ ಮತ್ತು ಅವರ ಗಂಡ ಗುರುವಪ್ಪಣ್ಣ ಉಡುಪಿಯ ಕಡೆಯವರು. ಮನೆಯೊಳಗೆ ತುಳು, ನನ್ನ ಜೊತೆ ಕನ್ನಡ. ನಾನು ಬಾಗಲಕೋಟೆಯ ಕಡೆಯವಳು. ನನ್ನ ಕನ್ನಡ ಕೇಳಿ ಅವರು ನಗುತ್ತಾರೆ, ಅವರದ್ದು ಕೇಳಿ ನಾನು ನಗುತ್ತೇನೆ. ಗುರುವಪ್ಪಣ್ಣ ಮಾಜಿವಾಡಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತೈದು ವರ್ಷ ದುಡಿದು ಈಗ ಮನೆಯಲ್ಲಿದ್ದಾರೆ. ಹೋಟೆಲಿನ ಹಿಂದೆ ಸಿಕ್ಕ ಮರಿಯನ್ನು ಟಿಫಿನ್ ಚೀಲದಲ್ಲಿ ಹಾಕಿಕೊಂಡು ತಂದವರು ಅವರೇ. ಬೊಳ್ಳಿಗೆ ಇವತ್ತಿಗೂ ಅವರ ಕೈಯಿಂದಲೇ ಊಟ ಆಗಬೇಕು.

ನಾನು ಒಳಗೆ ಹೋದಾಗ ಬೊಳ್ಳಿ ಬಟ್ಟಲು ಖಾಲಿ ಮಾಡಿ ಮತ್ತೆ ಕೇಳುತ್ತಿತ್ತು. ಕೇಳುವುದೇನು, ಅರಚುತ್ತಿತ್ತು. ಕೂದಲು ಅಂಟಂಟಾಗಿ ಕೆದರಿತ್ತು. ಒಂದು ಕ್ಷಣ ಕೂರುತ್ತಿರಲಿಲ್ಲ. ಬೆನ್ನ ಮೇಲೆ ಕೈ ಇಟ್ಟರೆ ಎಲುಬು ಒಂದೊಂದೇ ಸಿಕ್ಕಿತು.

"ಅಣ್ಣಾರ, ಒಮ್ಮೆ ಡಾಕ್ಟರಿಗೆ ತೋರಸ್ರಿ," ಎಂದೆ.

ಗುರುವಪ್ಪಣ್ಣ ನಕ್ಕರು. "ಯಾಕೆ ತೋರಿಸುದು? ಮೂವತ್ತೈದು ವರ್ಷ ನಾನು ಜನರ ಪ್ಲೇಟ್ ನೋಡಿದವ. ಸೀಕು ಇದ್ದವ ಅರ್ಧ ಇಡ್ಲಿ ಬಿಟ್ಟು ಏಳ್ತಾನೆ. ಬಟ್ಟಲು ನೆಕ್ಕಿ ಖಾಲಿ ಮಾಡುವವನಿಗೆ ಎಂತ ಸೀಕು?"

"ಹೊಟ್ಟೀಗೆ ಹೋಗಿದ್ದು ಮೈಗೆ ಹತ್ತಬೇಕಲ್ರೀ?"

"ಪ್ರಾಯ ಆಯ್ತಲ್ಲ ಅದಕ್ಕೆ. ನನಗೂ ಆಯ್ತು. ನಾನು ಎಂತ ದಪ್ಪ ಆಗಿದ್ದೇನಾ?"

ಆಗ ಅವರ ಮಗಳು ಪ್ರೇಕ್ಷಾ ಬೊಳ್ಳಿಯನ್ನು ಎತ್ತಿ ಅಪ್ಪನ ಮಡಿಲಲ್ಲಿ ಇಟ್ಟಳು. ಐರೋಲಿಯಲ್ಲಿ ಕೆಲಸಕ್ಕೆ ಹೋಗುವ ಹುಡುಗಿ. ಮನೆಯ ಮಾತೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಪಪ್ಪಾ, ಕಿತೀ ಹಲ್ಕೀ ಝಾಲಿಯೇ, ಬಘಾ ನಾ," ಎಂದಳು. ಎಷ್ಟು ಹಗುರಾಗಿದೆ, ನೀವೇ ನೋಡಿ ಎಂದು.

ಗುರುವಪ್ಪಣ್ಣ ಬೊಳ್ಳಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು. ಅಕ್ಕಿ ಬೇಳೆಯನ್ನು ಕೈಯಲ್ಲೇ ತೂಗಿ ಅಡುಗೆ ಮಾಡಿದ ಮನುಷ್ಯ ಅವರು. ಮುಖ ಸಣ್ಣದಾಯಿತು. "ನಾಳೆ ಎಷ್ಟು ಗಂಟೆಗೆ ಬರ್ಬೇಕು?" ಎಂದು ಕೇಳಿದರು.

ಬೆಳಿಗ್ಗೆ ದಿವಾದಿಂದ ಮುಂಬಯಿ ಕಡೆಗೆ ಹೋಗುವ ಗಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪುಣ್ಯಕ್ಕೆ ನಾವು ಹೋಗಬೇಕಾದದ್ದು ಕಲ್ಯಾಣದ ಕಡೆ. ಬೊಳ್ಳಿಯ ಬುಟ್ಟಿಯ ಜೊತೆ ಗಂಡ ಹೆಂಡತಿ ಇಬ್ಬರೂ ಲಗೇಜ್ ಡಬ್ಬಕ್ಕೆ ಹತ್ತಿದರು.

ನಮ್ಮ ಡಾಕ್ಟರ್ ಮಾನಸಿ ಮರಾಠಿಯವರು, ಮಾತು ಕಡಿಮೆ. ನಾನು ಹಳೆಯ ಚೀಟಿ ತೆಗೆದು ನೋಡಿದೆ. ಮೂರು ವರ್ಷದ ಹಿಂದೆ ಚುಚ್ಚುಮದ್ದಿಗೆ ಬಂದಾಗ ಬೊಳ್ಳಿ ನಾಲ್ಕು ಕಿಲೋ ಇತ್ತು. ಈಗ ಎರಡು ಕಿಲೋ ಎಂಟುನೂರು ಗ್ರಾಂ. ಡಾಕ್ಟರ್ ಬೊಳ್ಳಿಯ ಗಂಟಲನ್ನು ಎರಡು ಬೆರಳಿನಿಂದ ಮೆಲ್ಲಗೆ ಸವರಿ ನೋಡಿದರು. ಎದೆಬಡಿತ ಎಣಿಸಿದರು. ನೀರು ಜಾಸ್ತಿ ಕುಡಿಯುತ್ತದೆಯೇ, ವಾಂತಿ ಮಾಡುತ್ತದೆಯೇ, ರಾತ್ರಿ ಸುಮ್ಮಸುಮ್ಮನೆ ಕೂಗುತ್ತದೆಯೇ ಎಂದು ಕೇಳಿದರು. ಎಲ್ಲದಕ್ಕೂ ಬಾಗಿಯಕ್ಕ ಹೌದು ಹೌದು ಎಂದು ತಲೆಯಾಡಿಸಿದರು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದೆವು.

ಮರುದಿನ ವರದಿ ಬಂತು, ಇಬ್ಬರೂ ಮತ್ತೆ ದವಾಖಾನೆಗೆ ಬಂದರು. ಥೈರಾಯ್ಡ್.

"ಅಯ್ಯೋ, ಅದು ನನಗೂ ಉಂಟಲ್ಲ!" ಎಂದು ಬಾಗಿಯಕ್ಕ ಅರ್ಧ ಸಮಾಧಾನ ಪಟ್ಟುಕೊಂಡರು. "ದಿನಾ ಬೆಳಿಗ್ಗೆ ಮಾತ್ರೆ ತಿಂತೇನೆ. ಅದರಲ್ಲೇ ಕಾಲು ತುಂಡು ಕೊಟ್ರೆ ಆಗ್ತದಾ?"

ನಾನು ಹೌಹಾರಿದೆ. "ಬ್ಯಾಡ್ರೀ ಅಕ್ಕಾರ! ನಿಮ್ಮ ಗ್ರಂಥಿ ಕೆಲಸ ಕಮ್ಮಿ ಮಾಡ್ತೈತಿ, ಅದಕ್ಕ ನಿಮಗ ಹೆಚ್ಚು ಮಾಡೋ ಮಾತ್ರೆ. ಬೊಳ್ಳೀದು ವಿಪರೀತ ಕೆಲಸ ಮಾಡ್ತೈತಿ. ನಿಮ್ಮ ಮಾತ್ರೆ ಕೊಟ್ರ ಬೆಂಕಿಗೆ ಎಣ್ಣಿ ಸುರದಂಗ."

ಗುರುವಪ್ಪಣ್ಣ ಅದನ್ನು ಹಿಡಿದುಕೊಂಡರು. "ಅಂದ್ರೆ ಭಟ್ಟಿ ಫುಲ್ ಇಟ್ಟ ಹಾಗೆ. ಪಾತ್ರೆಗೆ ಎಷ್ಟು ಹಾಕಿದ್ರೂ ಸೀದು ಹೋಗುದು."

"ಬರೋಬ್ಬರಿ ಹೇಳಿದ್ರಿ ಅಣ್ಣಾರ. ಡಾಕ್ಟರ್ ಬರದ ಈ ಮಾತ್ರೆ ಆ ಭಟ್ಟಿ ಸಣ್ಣ ಮಾಡ್ತೈತಿ. ಹಂಗ ಬಿಟ್ರ ಹೃದಯ ದಣೀತೈತಿ, ಬಿಪಿ ಏರತೈತಿ."

ಡಾಕ್ಟರ್ ಹೇಳಿದ್ದನ್ನು ನಾನು ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿದೆ. ಮಾತ್ರೆ ದಿನಕ್ಕೆ ಎರಡು ಸಲ, ಹೊತ್ತಿಗೆ ಸರಿಯಾಗಿ. ಪುಡಿ ಮಾಡಬಾರದು. ಕೊಟ್ಟ ಮೇಲೆ ಕೈ ತೊಳೆಯಬೇಕು, ಬಸುರಿ ಹೆಂಗಸರು ಅದನ್ನು ಮುಟ್ಟಬಾರದು. ಮೂರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಆಮೇಲೆ ಮೂರು ತಿಂಗಳಿಗೊಮ್ಮೆ ಬಂದು ಥೈರಾಯ್ಡ್ ಜೊತೆಗೆ ಮೂತ್ರಪಿಂಡ, ಬಿಪಿ ತೋರಿಸಬೇಕು. ವಾಂತಿಯಾದರೆ, ಊಟ ಬಿಟ್ಟರೆ, ಮುಖ ಕೆರೆದುಕೊಂಡರೆ ತಾವೇ ಮಾತ್ರೆ ನಿಲ್ಲಿಸದೆ ಫೋನ್ ಮಾಡಬೇಕು. ಈ ಕಾಯಿಲೆ ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ, ವಾಸಿಯಾಗುವುದಿಲ್ಲ. ಅದಕ್ಕೇ ಮಾತ್ರೆ ಬದುಕಿರುವಷ್ಟು ದಿನ.

ಹೊರಡುವಾಗ ಬಾಗಿಯಕ್ಕ ತಿರುಗಿ ನಿಂತರು. "ಕಾಂಚನಕ್ಕ, ಯಾವುದರಲ್ಲಿ ಕೊಡುದು?"

ಹೊರಗೆ ಐದು ನಾಯಿಗಳು ಕಾಯುತ್ತಿದ್ದವು. ಒಂದು ಆಗಲೇ ನೆಲ ಒದ್ದೆ ಮಾಡಿತ್ತು. ನಾನು ಬಟ್ಟೆ ಹುಡುಕುತ್ತ ಹೇಳಿದೆ: "ಮೀನಿನಾಗ ಇಟ್ಟು ಕೊಡ್ರಿ."

ಆ ಮಾತು ಅವತ್ತು ನನಗೆ ಏನೂ ಅನ್ನಿಸಲಿಲ್ಲ.

ಮಾತ್ರೆ ಹಿಡಿಸಿತು. ಗುರುವಪ್ಪಣ್ಣ ಬಂಗುಡೆಯ ಮುಳ್ಳು ಬಿಡಿಸಿ, ಮೆತ್ತಗಿನ ತುಂಡಿನೊಳಗೆ ಮಾತ್ರೆ ಅಡಗಿಸಿ, ಬೆಳಿಗ್ಗೆ ಏಳಕ್ಕೆ ಸಂಜೆ ಏಳಕ್ಕೆ ಕೊಡುತ್ತಿದ್ದರು. ಬೊಳ್ಳಿಗೆ ಗೊತ್ತೇ ಆಗುತ್ತಿರಲಿಲ್ಲ. ಮೂರು ವಾರದ ಪರೀಕ್ಷೆಯಲ್ಲಿ ಥೈರಾಯ್ಡ್ ಇಳಿದಿತ್ತು. ಮೇ ತಿಂಗಳ ಹೊತ್ತಿಗೆ ಬೊಳ್ಳಿ ಮೂರೂವರೆ ಕಿಲೋ ಆಗಿ, ಕಿಟಕಿಯಲ್ಲಿ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಅದನ್ನು ನೋಡಿ ನನಗೆ ನಿಜವಾಗಿ ಖುಷಿಯಾಯಿತು. ಹನ್ನೊಂದು ವರ್ಷದ ಕೆಲಸದಲ್ಲಿ ಖುಷಿ ಪಡುವುದು ನನಗೆ ಮರೆತೇಹೋಗಿತ್ತು.

ಜುಲೈ ಕೊನೆಗೆ ಮುಂದಿನ ಪರೀಕ್ಷೆ ಇತ್ತು. ಮಳೆ ಹಿಡಿದಿತ್ತು, ಹಳಿಯ ಮೇಲೆ ನೀರು. "ಮಳೆ ನಿಲ್ಲಲಿ, ಬರ್ತೇವೆ," ಎಂದರು ಬಾಗಿಯಕ್ಕ. ನಾನೂ ಹೂಂ ಎಂದೆ. ನಾನೇ ದಿನಾ ಒದ್ದೆಯಾಗಿ ಬರುತ್ತಿದ್ದೆ, ಇನ್ನೊಬ್ಬರನ್ನು ಒತ್ತಾಯಿಸುವ ತ್ರಾಣ ಇರಲಿಲ್ಲ. ಮೆಟ್ಟಿಲಿನಲ್ಲಿ ಸಿಕ್ಕಾಗ "ಬೊಳ್ಳಿ ಹೆಂಗದಾಳ್ರೀ?" ಎಂದು ಕೇಳುತ್ತಿದ್ದೆ. "ಚಂದ ಉಂಟು," ಎನ್ನುತ್ತಿದ್ದರು. ನಾನು ಮುಂದೆ ಹತ್ತುತ್ತಿದ್ದೆ.

ಆಗಸ್ಟಿನ ಒಂದು ಬೆಳಿಗ್ಗೆ, ನಾನು ಡಬ್ಬಿ ಕಟ್ಟುತ್ತಿದ್ದಾಗ, ಬಾಗಿಯಕ್ಕ ಓಡಿ ಬಂದರು. ಎರಡು ಮಹಡಿ ಹತ್ತಿ ಮಾತೇ ಹೊರಡುತ್ತಿರಲಿಲ್ಲ.

"ಬೊಳ್ಳಿ ಗೋಡೆಗೆ ಡಿಕ್ಕಿ ಹೊಡೀತದೆ. ನೀರಿನ ಡ್ರಮ್ಮಿಗೆ ಡಿಕ್ಕಿ ಹೊಡೀತದೆ. ಬಟ್ಟಲು ಎದುರಿಗೇ ಉಂಟು, ಕಾಣುದಿಲ್ಲ ಅದಕ್ಕೆ!"

ಕೆಳಗೆ ಹೋಗಿ ನೋಡಿದೆ. ಬೊಳ್ಳಿ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಕೂತಿತ್ತು. ಎರಡೂ ಕಣ್ಣಿನ ಪಾಪೆ ಅಗಲವಾಗಿ ಪೂರ್ತಿ ಕಪ್ಪಾಗಿತ್ತು. ಮೊಬೈಲಿನ ಬೆಳಕು ಹಿಡಿದೆ. ಪಾಪೆ ಕಿರಿದಾಗಲಿಲ್ಲ. ಬೆನ್ನು ಮುಟ್ಟಿದೆ. ಮತ್ತೆ ಎಲುಬು.

"ಮಾತ್ರೆ ಕೊಡ್ತಿದ್ರಿಲ್ಲೋ?" ಎಂದೆ.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

"ಶ್ರಾವಣ ಅಲ್ವಾ ಕಾಂಚನಕ್ಕ," ಎಂದರು ಬಾಗಿಯಕ್ಕ.

ನನಗೆ ಅರ್ಥವಾಗಲಿಲ್ಲ. "ಶ್ರಾವಣಕ್ಕೂ ಮಾತ್ರಿಗೂ ಏನ್ ಸಂಬಂಧ್ರೀ?"

"ಶ್ರಾವಣದಲ್ಲಿ ಮನೆಗೆ ಮೀನು ತರುದಿಲ್ಲ ನಾವು. ಅಮಾಸೆಯ ದಿನವೇ ಮೀನು ಕೊಯ್ಯುವ ಕತ್ತಿ ತೊಳೆದು ಮೇಲೆ ಇಟ್ಟದ್ದು. ಬೊಳ್ಳಿಗೂ ಮೊಸರನ್ನವೇ."

ಅವರ ಊರಿನಲ್ಲಿ ಅವರು ಹೀಗೆ ತಿಂಗಳಿಡೀ ಮೀನು ಬಿಡುತ್ತಿರಲಿಲ್ಲವಂತೆ. ಇಲ್ಲಿಗೆ ಬಂದ ಮೇಲೆ, ಸುತ್ತಲಿನ ಮರಾಠಿ ಮನೆಗಳನ್ನು ನೋಡಿ ಹಿಡಿದ ವ್ರತ. ಇಪ್ಪತ್ತು ವರ್ಷದಿಂದ ಒಮ್ಮೆಯೂ ತಪ್ಪಿಸಿಲ್ಲ.

ಗುರುವಪ್ಪಣ್ಣ ಫ್ರಿಜ್ಜಿನ ಮೇಲಿನಿಂದ ಮಾತ್ರೆಯ ಪಟ್ಟಿ ತೆಗೆದು ನನ್ನ ಕೈಯಲ್ಲಿಟ್ಟರು. "ಮೀನಿನಲ್ಲಿ ಇಟ್ಟು ಕೊಡಿ ಅಂತ ನೀವೇ ಹೇಳಿದ್ದು. ನಮ್ಮಲ್ಲಿ ಮದ್ದಿಗೆ ಅನುಪಾನ ಅಂತ ಉಂಟು. ಜೇನಿನಲ್ಲಿ ಕೊಡುವ ಮದ್ದನ್ನು ಜೇನಿನಲ್ಲೇ ಕೊಡ್ಬೇಕು, ಇಲ್ಲದಿದ್ರೆ ಮದ್ದೇ ಕೆಡುಕು ಮಾಡ್ತದೆ. ಇದಕ್ಕೆ ಮೀನು ಅನುಪಾನ ಅಂತ ನಾವು ತಿಳ್ಕೊಂಡದ್ದು. ಹೇಗೂ ಚಂದ ಆಗಿತ್ತಲ್ಲ ಬೊಳ್ಳಿ. ಒಂದು ತಿಂಗಳು ನಿಲ್ಲಿಸಿದ್ರೆ ಎಂತ ಆಗ್ತದೆ ಅಂತ..."

ನಾನು ಅಮಾಸೆಯಿಂದ ಬೆರಳು ಮಡಚಿ ಎಣಿಸಿದೆ. ಹತ್ತೊಂಬತ್ತು ದಿನ ಮಾತ್ರೆ ಇಲ್ಲ.

ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಆ ಸಿಟ್ಟು ನನ್ನ ಕಡೆಗೇ ತಿರುಗಿತು. ಮೀನಿನಲ್ಲಿ ಕೊಡಿ ಎಂದಿದ್ದೆ. ಮಾತ್ರೆ ಅಡಗಿಸಲು ಮಾತ್ರ ಮೀನು, ಬೇರೆ ಏನಾದರೂ ನಡೆಯುತ್ತದೆ ಎಂದು ಹೇಳಿರಲಿಲ್ಲ. ನಮ್ಮದು ಲಿಂಗಾಯತರ ಮನೆ. ಶ್ರಾವಣ ನಮಗೂ ದೊಡ್ಡದು, ಸೋಮವಾರ ನಾನೂ ಒಪ್ಪತ್ತು ಮಾಡುತ್ತೇನೆ. ಆದರೆ ಮೀನು ಎಂದರೆ ನನಗೆ ವರ್ಷವಿಡೀ ಒಂದೇ: ನಮ್ಮ ಮನೆಯಲ್ಲಿ ಇಲ್ಲ, ಅವರ ಮನೆಯಲ್ಲಿ ಇದೆ. ಮೀನಿಗೂ ಒಂದು ಪಂಚಾಂಗ ಇದೆ ಎಂದು ನನಗೆ ಹೊಳೆಯಲೇ ಇಲ್ಲ.

ಸುರಿಯುವ ಮಳೆಯಲ್ಲಿ ಬೊಳ್ಳಿಯನ್ನು ಠಾಕುರ್ಲಿಗೆ ಒಯ್ದೆವು. ಡಾಕ್ಟರ್ ಮಾನಸಿ ಕಾಲಿಗೆ ಸಣ್ಣ ಪಟ್ಟಿ ಕಟ್ಟಿ ಬಿಪಿ ನೋಡಿದರು. ಮೂರು ಸಲ ನೋಡಿದರು. ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ತಿಲಾ ದಿಸತ್ ನಾಹಿ, ಕಾಂಚನಾತಾಯಿ," ಎಂದರು.

ಅದನ್ನು ನಾನು ಕನ್ನಡಕ್ಕೆ ತಿರುಗಿಸಬೇಕಾಗಿರಲಿಲ್ಲ. ನಲವತ್ತು ವರ್ಷದಿಂದ ಇಲ್ಲಿರುವವರು, ಅಷ್ಟು ಮರಾಠಿ ಅವರಿಗೆ ಬರುತ್ತದೆ. ಬೊಳ್ಳಿಗೆ ಕಣ್ಣು ಕಾಣುತ್ತಿಲ್ಲ. ಥೈರಾಯ್ಡ್ ಏರಿ, ಬಿಪಿ ಏರಿ, ಕಣ್ಣಿನ ಹಿಂದಿನ ಪರದೆ ಕಳಚಿತ್ತು.

"ಬದುಕ್ತದಾ?" ಎಂದು ಗುರುವಪ್ಪಣ್ಣ ಕೇಳಿದರು.

ಡಾಕ್ಟರ್ ಹೇಳಿದ್ದನ್ನು ನಾನು ಹೇಳಿದೆ. ಇವತ್ತಿನಿಂದಲೇ ಥೈರಾಯ್ಡ್ ಮಾತ್ರೆ ಮತ್ತೆ ಶುರುವಾಗಬೇಕು, ಜೊತೆಗೆ ಬಿಪಿ ಮಾತ್ರೆಯೂ ಬೇಕು. ತಪ್ಪದೆ ಕೊಟ್ಟರೆ ಬದುಕುವ ಆಸೆ ಇದೆ. ಕಣ್ಣಿನ ಭರವಸೆ ಕೊಡಲು ಬರುವುದಿಲ್ಲ.

"ಮದ್ದು ಬಿಟ್ಟದ್ದಕ್ಕೇ ಹೀಗೆ ಆದದ್ದಾ?"

ಸುಳ್ಳು ಹೇಳಬಹುದಿತ್ತು. ವಯಸ್ಸಾಗಿತ್ತು, ಹೇಗೂ ಆಗುತ್ತಿತ್ತು ಎನ್ನಬಹುದಿತ್ತು. ನಾನು ಹೇಳಲಿಲ್ಲ. "ಹೌದ್ರೀ ಅಣ್ಣಾರ," ಎಂದೆ. "ನಾನೂ ಸರಿಯಾಗಿ ಹೇಳಿರಲಿಲ್ಲ."

ಅವರು ಡಾಕ್ಟರನ್ನೇ ಕೇಳಿದರು, ತಮ್ಮ ಹೋಟೆಲಿನ ಮರಾಠಿಯಲ್ಲಿ. ಶ್ರಾವಣ ಇನ್ನೂ ಹನ್ನೊಂದು ದಿನ ಇದೆ, ನಾನು ಇವತ್ತೇ ಮನೆಗೆ ಮೀನು ತರುತ್ತೇನೆ, ದೇವರು ಏನು ಬೇಕಾದರೂ ಮಾಡಲಿ, ಎಂಥ ಮೀನು ಆಗಬೇಕು?

ಡಾಕ್ಟರ್‌ಗೆ ಆಶ್ಚರ್ಯವಾಯಿತು. "ಮಾಸಾ ಕಶಾಲಾ, ಕಾಕಾ? ಲೋಣ್ಯಾತ್ ದ್ಯಾ."

ಮೀನೇ ಏಕೆ, ಬೆಣ್ಣೆಯಲ್ಲಿ ಕೊಡಿ. ಒಂದು ಚಿಟಿಕೆ ಸಾಕು.

ಗುರುವಪ್ಪಣ್ಣ ಹೆಂಡತಿಯ ಕಡೆ ತಿರುಗಿದರು. "ಬೆಣ್ಣೆ ಮನೆಯಲ್ಲೇ ಇತ್ತಲ್ಲ ಮಾರಾಯ್ತಿ," ಎಂದರು. ಬೊಳ್ಳಿಯ ತಲೆಯ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದರು, "ವ್ರತ ನನ್ನದು. ಕಣ್ಣು ಹೋದದ್ದು ಇದರದ್ದು."

ಬಾಗಿಯಕ್ಕ ಅತ್ತರು. ನಾನೂ ಮುಖ ತಿರುಗಿಸಿಕೊಂಡೆ. ಹೊರಗೆ ಯಾರದ್ದೋ ನಾಯಿ ಬೊಗಳುತ್ತಿತ್ತು, ಸಾಲು ಬಾಗಿಲವರೆಗೆ ಬಂದಿತ್ತು.

ಅವತ್ತು ಸಂಜೆ ನಾನು ನೇರ ನನ್ನ ಮನೆಗೆ ಹತ್ತಲಿಲ್ಲ. ಮೂರನೇ ಮಹಡಿಯಲ್ಲೇ ನಿಂತೆ. ಬೊಳ್ಳಿ ಬೆಣ್ಣೆ ಮುಟ್ಟದ ದಿನ ಏನು ಮಾಡಬೇಕೆಂದು ಗುರುವಪ್ಪಣ್ಣನಿಗೆ ಕೈ ಹಿಡಿದು ತೋರಿಸಿಕೊಟ್ಟೆ. ಬೆಕ್ಕಿನ ತಲೆಯನ್ನು ಹಿಂದಿನಿಂದ ಹಿಡಿದು ಸ್ವಲ್ಪ ಮೇಲಕ್ಕೆ ಎತ್ತಬೇಕು. ಬೆರಳಿನಿಂದ ಕೆಳದವಡೆ ತೆರೆದು ಮಾತ್ರೆಯನ್ನು ನಾಲಿಗೆಯ ಹಿಂಭಾಗದಲ್ಲಿ ಇಡಬೇಕು. ಬಾಯಿ ಮುಚ್ಚಿ ಗಂಟಲು ಸವರಬೇಕು. ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಲ್ಲಿ ಸ್ವಲ್ಪ ನೀರು. ಮೊದಲ ಸಲ ಬೊಳ್ಳಿ ಅವರ ಕೈ ಪರಚಿತು. ಎರಡನೇ ಸಲ ಉಗುಳಿತು. ಮೂರನೇ ಸಲ ನುಂಗಿತು. ಪ್ರೇಕ್ಷಾ ಅಪ್ಪನ ಫೋನಿನಲ್ಲಿ ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಅಲಾರಂ ಇಟ್ಟಳು.

ಈಗ ದೀಪಾವಳಿ ಹತ್ತಿರ ಬಂದಿದೆ. ಬೊಳ್ಳಿ ಬದುಕಿದೆ. ಮೂರು ಕಿಲೋ ನಾನೂರು ಗ್ರಾಂ. ಕಣ್ಣು ಬರಲಿಲ್ಲ. ಗೋಡೆ ಹಿಡಿದು, ಮೀಸೆ ತಾಗಿಸಿ ಬಟ್ಟಲ ತನಕ ತಾನೇ ಹೋಗುತ್ತದೆ. ಬಾಗಿಯಕ್ಕ ಮನೆಯಲ್ಲಿ ಒಂದು ಸ್ಟೂಲನ್ನೂ ಜಾಗ ಬದಲಿಸುವುದಿಲ್ಲ. ಗುರುವಪ್ಪಣ್ಣ ಎಲ್ಲಿ ಹೋಗಿದ್ದರೂ ಸಂಜೆ ಏಳಕ್ಕೆ ಮನೆಗೆ ಬರುತ್ತಾರೆ, ಮದುವೆಯ ಊಟ ಬಿಟ್ಟು ಬಂದದ್ದೂ ಇದೆ. ಮೊನ್ನೆ ಮೆಟ್ಟಿಲಿನಲ್ಲಿ ಯಾರೋ ತಮ್ಮ ಮುದಿ ಬೆಕ್ಕು ಭರ್ಜರಿ ತಿನ್ನುತ್ತದೆ ಎಂದು ಹೊಗಳಿಕೊಂಡರಂತೆ. ಗುರುವಪ್ಪಣ್ಣ ಅವರನ್ನು ಅಲ್ಲೇ ನಿಲ್ಲಿಸಿ, "ತೂಕ ಎಷ್ಟು ಉಂಟು, ಅದು ಹೇಳಿ ಮೊದಲು," ಎಂದು ಕೇಳಿದರಂತೆ.

ನಮ್ಮ ಮಹಿಳಾ ಮಂಡಳದ ಅಕ್ಕ ತಂಗಿಯರೇ, ಇದನ್ನು ಕೇಳಿ ಮನೆಗೆ ಹೋದ ಕೂಡಲೇ ಒಂದು ಕೆಲಸ ಮಾಡಿ. ನಿಮ್ಮ ಬೆಕ್ಕಿಗೆ ಹತ್ತು ವರ್ಷ ದಾಟಿದ್ದರೆ ಅದರ ಬೆನ್ನ ಮೇಲೆ ಕೈ ಆಡಿಸಿ. ಎಲುಬು ಕೈಗೆ ಸಿಕ್ಕರೆ, ತಿನ್ನುತ್ತದಲ್ಲ ಎಂದು ಸುಮ್ಮನಿರಬೇಡಿ. ಹತ್ತಿರದ ಪ್ರಾಣಿ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಮಾತ್ರೆಯನ್ನು ಅದಕ್ಕೆ ಕೊಡಬೇಡಿ. ಅದರ ಮಾತ್ರೆಯನ್ನು ಡಾಕ್ಟರ್ ಹೇಳದೆ ಒಂದು ಹೊತ್ತೂ ಬಿಡಬೇಡಿ. ಉಪವಾಸ ನಿಮ್ಮದು, ಮದ್ದು ಅದರದ್ದು. ಮೀನಿಲ್ಲದ ದಿನ ಬೆಣ್ಣೆ ಇದೆ, ಬೆಣ್ಣೆಯೂ ಇಲ್ಲದ ದಿನ ನಿಮ್ಮ ಎರಡು ಬೆರಳಿವೆ.

ಕೊನೆಗೆ ನನ್ನದೊಂದು ಬೇಡಿಕೆ. ದವಾಖಾನೆಯಲ್ಲಿ ನಮ್ಮಂಥವರು ಅವಸರದಲ್ಲಿ ಅರ್ಧ ಮಾತು ಹೇಳಿ ಕಳಿಸಿದರೆ, ಹೊರಟುಹೋಗಬೇಡಿ. ಅದಿಲ್ಲದಿದ್ದರೆ ಏನು ಮಾಡಲಿ ಎಂದು ನಿಂತು ಕೇಳಿ. ನಾವು ದಣಿದಿರುತ್ತೇವೆ, ಮುಖ ಸಿಂಡರಿಸಿಕೊಂಡಿರುತ್ತೇವೆ. ಆದರೂ ಕೇಳಿ.